ನಾಯಿಗಳ ಜೊತೆ ಕ್ಯಾರವಾನ್‌ನಲ್ಲಿ ಮೆಲ್ಬರ್ನ್‌ನಿಂದ ಕೇರ್ನ್ಸ್‌ಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಟ್ರೇಲಿಯಾದಲ್ಲಿ ಜೂನ್ ಅಂದರೆ ಚಳಿಗಾಲ. ಎರಡು ವರ್ಷದಿಂದ ಜೂನ್ ಬಂತೆಂದರೆ ನಾವು ಮೆಲ್ಬರ್ನ್ ಮನೆಗೆ ಬೀಗ ಹಾಕಿ, ಕಾರಿನ ಹಿಂದೆ ಕ್ಯಾರವಾನ್, ಅಂದರೆ ಗಾಲಿಯ ಮೇಲಿನ ಪುಟ್ಟ ಮನೆ, ಕಟ್ಟಿಕೊಂಡು ಚಳಿ ತಪ್ಪಿಸಿಕೊಳ್ಳಲು ಉತ್ತರದ ಕೇರ್ನ್ಸ್‌ಗೆ ಹೊರಡುತ್ತೇವೆ. ನಾನು, ನಮ್ಮ ಯಜಮಾನರು, ಎರಡು ನಾಯಿ. ಗುಂಡ ಹನ್ನೊಂದು ವರ್ಷದ ಲ್ಯಾಬ್ರಡಾರ್. ಮಂಡಿನೋವಿನ ಮುದುಕ. ಕೆಂಪಿ ಮೂರು ವರ್ಷದ ಕೆಲ್ಪಿ. ಹೆಸರು ಬಣ್ಣಕ್ಕೂ ಸರಿ, ತಳಿಗೂ ಸರಿ. ವಾಪಸ್ ಬಂದಾಗಿನಿಂದ ಹಬ್ಬದ ಊಟಕ್ಕೆ ಹೋದರೂ, ತರಕಾರಿ ಅಂಗಡಿಯಲ್ಲಿ ಸಿಕ್ಕರೂ ಜನ ಈ ಪ್ರಯಾಣದ ಬಗ್ಗೆಯೇ ಕೇಳುತ್ತಾರೆ. ಊರಿಂದ ಫೋನ್ ಮಾಡುವವರದು ಬೇರೆ. ಎಲ್ಲರಿಗೂ ಒಟ್ಟಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಚಳಿ ತಪ್ಪಿಸಿಕೊಳ್ಳಲು ಉತ್ತರಕ್ಕಾ? ಉತ್ತರ ಅಂದರೆ ಇನ್ನೂ ಚಳಿ ಅಲ್ವಾ?

ಇದು ನನ್ನ ತಿಪಟೂರಿನ ಚಿಕ್ಕಮ್ಮನ ಪ್ರಶ್ನೆ. ಅಲ್ಲಿ ಉತ್ತರ ಅಂದರೆ ಹಿಮಾಲಯ. ಆಸ್ಟ್ರೇಲಿಯಾದಲ್ಲಿ ಎಲ್ಲ ತಿರುಗುಮುರುಗು. ಭೂಮಧ್ಯರೇಖೆ ಉತ್ತರಕ್ಕಿದೆ, ಹಾಗಾಗಿ ಮೇಲೆ ಹೋದಷ್ಟೂ ಬೆಚ್ಚಗೆ. ಜುಲೈನಲ್ಲಿ ಮೆಲ್ಬರ್ನ್‌ನ ಮಧ್ಯಾಹ್ನ 13–14 ಡಿಗ್ರಿ ಮುಟ್ಟಿದರೆ ದೊಡ್ಡದು. ಮೋಡ, ಜಿಟಿಜಿಟಿ ಮಳೆ, ಐದೂಕಾಲಿಗೆಲ್ಲ ಕತ್ತಲೆ. ಅದೇ ದಿನ ಕೇರ್ನ್ಸ್‌ನಲ್ಲಿ 26 ಡಿಗ್ರಿ, ಬಿಸಿಲು, ಮಳೆಯಿಲ್ಲ. ನಮ್ಮ ಮಂಗಳೂರಿನ ಡಿಸೆಂಬರ್‌ಗಿಂತ ಹಿತ.

ಪ್ರತಿ ಚಳಿಗಾಲ ನಿವೃತ್ತರು ಸಾಲುಗಟ್ಟಿ ಹೀಗೆ ಹೊರಡುತ್ತಾರೆ. ಗ್ರೇ ನೋಮಾಡ್, ಅಂದರೆ ನರೆಗೂದಲ ಅಲೆಮಾರಿ, ಎಂದೇ ಅವರ ಹೆಸರು. ನಾವಿನ್ನೂ ನಿವೃತ್ತರಲ್ಲ. ಗುಂಡನ ಮಂಡಿ ನಮ್ಮನ್ನು ಆ ಸಾಲಿಗೆ ಸೇರಿಸಿತು. ಟೌನ್ಸ್‌ವಿಲ್ ದಾಟುವಷ್ಟರಲ್ಲಿ ಅವನು ಬೆಳಗ್ಗೆ ಎದ್ದ ಕೂಡಲೇ ಕುಂಟುವುದನ್ನು ಬಿಟ್ಟಿದ್ದ.

ಯಾವ ದಾರಿ? ಎಷ್ಟು ದಿನ ಬೇಕು?

ಸಮುದ್ರದ ಪಕ್ಕದ ದಾರಿ ಚೆಂದ. ಆದರೆ ಸಿಡ್ನಿ, ಬ್ರಿಸ್ಬೇನ್ ಟ್ರಾಫಿಕ್ಕಿನಲ್ಲಿ ಕ್ಯಾರವಾನ್ ಎಳೆಯಬೇಕು. ಒಳನಾಡಿನ ನ್ಯೂವೆಲ್ ಹೆದ್ದಾರಿ ನಮ್ಮ ಆಯ್ಕೆ. ವಿಕ್ಟೋರಿಯಾ ಗಡಿಯ ಟೋಕಮ್‌ವಾಲ್‌ನಿಂದ ಕ್ವೀನ್ಸ್‌ಲ್ಯಾಂಡ್ ಗಡಿಯ ಗೂಂಡಿವಿಂಡಿವರೆಗೆ ಒಂದೇ ರಸ್ತೆ, 1,058 ಕಿಲೋಮೀಟರ್. ಅಲ್ಲಿಂದ ಲೈಕಾರ್ಟ್ ಹೆದ್ದಾರಿ ಹಿಡಿದು ರಾಕ್‌ಹ್ಯಾಂಪ್ಟನ್. ಮುಂದೆ ಬ್ರೂಸ್ ಹೆದ್ದಾರಿಯಲ್ಲಿ ಮೆಕಾಯ್, ಬೋವನ್, ಟೌನ್ಸ್‌ವಿಲ್, ಕೇರ್ನ್ಸ್. ಒಟ್ಟು ಸುಮಾರು 3,000 ಕಿಲೋಮೀಟರ್.

ನಾಲ್ಕು ದಿನದಲ್ಲಿ ಮುಗಿಸುವವರಿದ್ದಾರೆ. ನಾವು ಹದಿನೆಂಟು ದಿನ ತೆಗೆದುಕೊಳ್ಳುತ್ತೇವೆ. ದಿನಕ್ಕೆ 250 ಕಿಲೋಮೀಟರ್ ಮೀರಬಾರದು, ಮಧ್ಯಾಹ್ನ ಮೂರರೊಳಗೆ ನಿಲ್ಲಿಸಬೇಕು. ಇದು ನಾಯಿಗಳು ಹಾಕಿದ ಕಾನೂನು. ಎರಡು ಗಂಟೆಗೊಮ್ಮೆ ಅವು ಇಳಿಯಬೇಕು, ಮೂಸಬೇಕು, ಕಾಲೆತ್ತಬೇಕು. ಮೂರೂವರೆ ಆದರೂ ಗಾಡಿ ನಿಲ್ಲದಿದ್ದರೆ ಕೆಂಪಿ ಹಿಂದಿನಿಂದ ನನ್ನ ಕಿವಿಗೇ ಬೊಗಳುತ್ತಾಳೆ.

ದಾರಿಯಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ. ಪಾರ್ಕ್ಸ್ ಊರಿನಾಚೆ ಹೊಲದ ಮಧ್ಯೆ 64 ಮೀಟರ್ ಅಗಲದ ರೇಡಿಯೋ ಟೆಲಿಸ್ಕೋಪ್ ನಿಂತಿದೆ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ಆ ಟಿವಿ ಚಿತ್ರಗಳನ್ನು ಹಿಡಿದ ಬಟ್ಟಲಾಕಾರದ ಆಂಟೆನಾಗಳಲ್ಲಿ ಅದೂ ಒಂದು. ಕೂನಬಾರಬ್ರನ್‌ನಲ್ಲಿ ರಾತ್ರಿಯ ಆಕಾಶ ನೋಡಬೇಕು. ಮೋರಿ ಅನ್ನುವ ಊರಿನಲ್ಲಿ ನೆಲದಡಿಯಿಂದ ತಾನಾಗಿ ಬಿಸಿ ನೀರು ಬರುತ್ತದೆ. ಒಬ್ಬರು ನಾಯಿ ಹಿಡಿದುಕೊಂಡರೆ ಇನ್ನೊಬ್ಬರು ಕೊಳಕ್ಕಿಳಿಯಬಹುದು. ಲೈಕಾರ್ಟ್ ಹೆದ್ದಾರಿಯಲ್ಲಿ ಬನಾನಾ ಅಂತ ಒಂದು ಪುಟ್ಟ ಊರಿದೆ. ಬಾಳೆತೋಟ ಹುಡುಕಬೇಡಿ. ಹಿಂದೆ ಅಲ್ಲಿದ್ದ ಹಳದಿ ಬಣ್ಣದ ಎತ್ತೊಂದರ ಹೆಸರು ಬನಾನಾ, ಊರಿಗೂ ಅದೇ ಉಳಿಯಿತು. ನಮ್ಮ ಕಡೆ ಎತ್ತಿಗೆ ಊರಿನ ಹೆಸರು ಬರುವುದುಂಟು, ಇಲ್ಲಿ ಊರಿಗೇ ಎತ್ತಿನ ಹೆಸರು.

ರಾಕ್‌ಹ್ಯಾಂಪ್ಟನ್ ಹತ್ತಿರ ಮಕರ ಸಂಕ್ರಾಂತಿ ವೃತ್ತ ದಾಟುತ್ತೀರಿ. ಮೆಕಾಯ್‌ನಿಂದ ಮುಂದೆ ಎರಡೂ ಕಡೆ ಕಬ್ಬಿನ ಗದ್ದೆ. ಜೂನ್‌ನಿಂದ ಅರೆಯುವ ಕಾಲ ಶುರು. ಕಿಟಕಿ ಇಳಿಸಿದರೆ ಸಾಕು, ಮಂಡ್ಯದ ಆಲೆಮನೆಯ ವಾಸನೆ. ಕಬ್ಬು ಹೊತ್ತ ಪುಟ್ಟ ರೈಲುಗಳು ರಸ್ತೆಗೆ ಅಡ್ಡ ಬರುತ್ತವೆ. ಹಳಿ ಸಣ್ಣದು ಅಂತ ಸದರ ಮಾಡಬೇಡಿ, ಹಿಂದೆ ಬೋಗಿಗಳು ಮುಗಿಯುವುದೇ ಇಲ್ಲ.

ನ್ಯಾಷನಲ್ ಪಾರ್ಕ್‌ಗಳಿಗೆ ನಾಯಿ ಬಿಡುತ್ತಾರಾ?

ಇಲ್ಲ. ಹೊರಡುವ ಮೊದಲೇ ಇದನ್ನು ಮನಸ್ಸಿಗೆ ತಂದುಕೊಳ್ಳಿ. ವಿಕ್ಟೋರಿಯಾ, ನ್ಯೂ ಸೌತ್ ವೇಲ್ಸ್, ಕ್ವೀನ್ಸ್‌ಲ್ಯಾಂಡ್ ಮೂರರಲ್ಲೂ ಹೆಚ್ಚುಕಡಿಮೆ ಒಂದೇ ನಿಯಮ. ಕಾರಿನಲ್ಲೇ ಕೂರಿಸಿರುತ್ತೇವೆ ಅಂದರೂ ಒಪ್ಪುವುದಿಲ್ಲ, ದಂಡ ಬೀಳುತ್ತದೆ. ನಾಯಿಯ ವಾಸನೆಗೇ ಕಾಡುಪ್ರಾಣಿಗಳು ಜಾಗ ಬಿಡುತ್ತವೆ, ಅದಕ್ಕೆ ಈ ಕಟ್ಟುನಿಟ್ಟು. ಸ್ಟೇಟ್ ಫಾರೆಸ್ಟ್‌ಗಳು ಬೇರೆ, ಅಲ್ಲಿ ಬಹಳ ಕಡೆ ಬಿಡುತ್ತಾರೆ. ಹೆಸರು ಒಂದೇ ಥರ ಕೇಳಿಸುತ್ತದೆ, ಬೋರ್ಡ್ ಸರಿಯಾಗಿ ಓದಿ.

ಮೊದಲ ವರ್ಷ ನನಗೆ ಇದು ಬೇಜಾರಾಗಿತ್ತು. ವಾರಂಬಂಗಲ್ ಬೆಟ್ಟದ ಬುಡದವರೆಗೆ ಹೋಗಿ ಬೆಟ್ಟ ಹತ್ತದೆ ಬಂದೆವು. ಕಾರ್ನಾವನ್ ಕಣಿವೆ ಬಿಟ್ಟೆವು. ಕ್ಗಾರಿ ದ್ವೀಪ ಬಿಟ್ಟೆವು. ಡಿಂಗೊ ಅನ್ನುವ ಕಾಡುನಾಯಿಗಳ ಆ ದ್ವೀಪಕ್ಕೆ ಸಾಕುನಾಯಿ ತರುವಂತೆಯೇ ಇಲ್ಲ. ಅದರ ಬದಲು ನಮಗೆ ಸಿಕ್ಕಿದ್ದು ಊರುಗಳು. ಜೆರಿಲ್ಡರಿಯ ಕೆರೆ ಏರಿಯ ಮೇಲೆ ಬೆಳಗಿನ ನಡಿಗೆ. ವೆಸ್ಟ್ ವೈಲಾಂಗ್‌ನಲ್ಲಿ ಎತ್ತಿನ ಗಾಡಿ ಜಾಡಿನ ಮೇಲೇ ಹಾಕಿದ ಅಂಕುಡೊಂಕು ಮುಖ್ಯರಸ್ತೆ. ಬೇಕರಿ ಮುಂದೆ ನಾಯಿಗೆ ಅಂತ ಇಟ್ಟ ನೀರಿನ ಬಟ್ಟಲು. ನಾಯಿ ಇಲ್ಲದಿದ್ದರೆ ಆ ಊರುಗಳಲ್ಲಿ ಡೀಸೆಲ್ ಹಾಕಿಸಿಕೊಂಡು ಸುಮ್ನೆ ಮುಂದೆ ಹೋಗಿರುತ್ತಿದ್ದೆವು. ಗುಂಡನನ್ನು ಮಾತಾಡಿಸಲು ನಿಂತವರು ಆಮೇಲೆ ನಮ್ಮನ್ನೂ ಮಾತಾಡಿಸುತ್ತಾರೆ. ಗಿಲ್‌ಗಾಂಡ್ರಾದಲ್ಲಿ ಒಬ್ಬ ಮುದುಕ ರೈತ ಅರ್ಧ ಗಂಟೆ ನಿಂತು ತನ್ನ ಕೆಲ್ಪಿಗಳ ವಂಶಾವಳಿ ಹೇಳಿದ. ನಮ್ಮ ಹೆಸರು ಕೇಳಲಿಲ್ಲ, ಕೆಂಪಿಯದು ಮಾತ್ರ ಕೇಳಿದ.

ಹಾಗಾದರೆ ರಾತ್ರಿ ಎಲ್ಲಿ ನಿಲ್ಲಿಸುವುದು?

ಮೂರು ಥರದ ಜಾಗಗಳಿವೆ. ಕ್ಯಾರವಾನ್ ಪಾರ್ಕ್‌ಗಳಲ್ಲಿ ಕರೆಂಟು, ನೀರು, ಬಿಸಿನೀರಿನ ಸ್ನಾನ ಎಲ್ಲ ಇರುತ್ತದೆ. ಬಹಳಷ್ಟು ಕಡೆ ನಾಯಿಗೆ ಒಪ್ಪಿಗೆ ಉಂಟು. ಷರತ್ತುಗಳೂ ಉಂಟು: ಹಗ್ಗ ಬಿಚ್ಚುವಂತಿಲ್ಲ, ಒಂಟಿಯಾಗಿ ಬಿಟ್ಟು ಹೋಗುವಂತಿಲ್ಲ, ಹೇಲು ನೀವೇ ಎತ್ತಬೇಕು. ಒಂದೇ ನಾಯಿ ಅನ್ನುವ ಪಾರ್ಕ್‌ಗಳಿವೆ. ಶಾಲೆ ರಜೆಯಲ್ಲಿ ನಾಯಿಯೇ ಬೇಡ ಅನ್ನುವವೂ ಇವೆ. ಜೂನ್ ಕೊನೆ, ಜುಲೈ ಮೊದಲರ್ಧದಲ್ಲಿ ರಜೆ ಬರುತ್ತದೆ, ನೆನಪಿರಲಿ.

ಎರಡನೆಯದು ಶೋಗ್ರೌಂಡ್. ಪ್ರತಿ ಸಣ್ಣ ಊರಿನಲ್ಲೂ ವರ್ಷಕ್ಕೊಮ್ಮೆ ಕೃಷಿ ಮೇಳ ನಡೆಯುವ ಮೈದಾನ ಇರುತ್ತದೆ. ನಮ್ಮ ಜಾತ್ರೆ ಮೈದಾನದ ಹಾಗೆ. ಮೇಳ ಇಲ್ಲದಾಗ ಕ್ಯಾರವಾನ್‌ಗಳಿಗೆ ಕಡಿಮೆ ಬಾಡಿಗೆಗೆ ಜಾಗ ಕೊಡುತ್ತಾರೆ. ಕುದುರೆ, ದನ ಕಟ್ಟುವ ಜಾಗದಲ್ಲಿ ನಾಯಿಗೆ ಯಾರು ಬೇಡ ಅನ್ನುತ್ತಾರೆ? ನನ್ನ ಓಟು ಇದಕ್ಕೆ. ಮೇಳದ ವಾರ ಮಾತ್ರ ಜಾಗ ಸಿಗುವುದಿಲ್ಲ, ಮೊದಲೇ ವಿಚಾರಿಸಿ.

ಮೂರನೆಯದು ಬಿಟ್ಟಿ ಕ್ಯಾಂಪು, ರೆಸ್ಟ್ ಏರಿಯಾ. ವಿಕಿಕ್ಯಾಂಪ್ಸ್ ಆ್ಯಪಿನಲ್ಲಿ ನಾಯಿಯ ಗುರುತು ನೋಡಿ ಹುಡುಕಬಹುದು. ಜನ ಬರೆದಿರುವ ಟಿಪ್ಪಣಿಯನ್ನೂ ಓದಿ. ನೆಲದ ಮೇಲೆ ಮುಳ್ಳಿನ ಬಿಂಡಿ ಇದೆ ಅಂತ ಬರೆದಿದ್ದರೆ ಅಲ್ಲಿ ನಿಲ್ಲಬೇಡಿ. ನೆಗ್ಗಿಲು ಮುಳ್ಳಿನ ತಮ್ಮ ಅದು. ಬರಿಗಾಲಿನ ನಾಯಿಗೆ ಹೆಜ್ಜೆ ಇಡಲಾಗುವುದಿಲ್ಲ.

ಒಂದು ಕಹಿ ಅನುಭವ ಹೇಳುತ್ತೇನೆ, ಹೆಸರು ಬೇಡ. ಒಂದು ಪಾರ್ಕ್‌ಗೆ ಫೋನ್ ಮಾಡಿ "ಎರಡು ನಾಯಿ ಇವೆ, ಪರವಾಗಿಲ್ವಾ?" ಅಂತ ಕೇಳಿದ್ದೆ, ಹ್ಞೂಂ ಅಂದಿದ್ದರು. ಸಂಜೆ ಐದಕ್ಕೆ ಗೇಟಿಗೆ ಹೋದರೆ ಕೆಲಸದ ಪಾಳಿ ಬದಲಾಗಿತ್ತು. ಬೇರೆಯವರು, "ದೊಡ್ಡ ನಾಯಿ ಆಗಲ್ಲ" ಅಂದರು. ಕತ್ತಲೆಯಲ್ಲಿ ಅರವತ್ತು ಕಿಲೋಮೀಟರ್ ಮುಂದೆ ಹೋದೆವು, ರಸ್ತೆ ಅಂಚಿನ ಪ್ರತಿ ಪೊದೆಯೂ ಕಾಂಗರೂ ಥರ ಕಾಣುತ್ತಿತ್ತು. ಅವತ್ತಿನಿಂದ ಎಲ್ಲವನ್ನೂ ಇಮೇಲ್‌ನಲ್ಲೇ ಕೇಳುತ್ತೇನೆ. ನಾಯಿಯ ತಳಿ, ತೂಕ ಬರೆದು, ಉತ್ತರ ಇಟ್ಟುಕೊಳ್ಳುತ್ತೇನೆ.

ಗಾಡಿ ಓಡುವಾಗ ನಾಯಿಗಳು ಕ್ಯಾರವಾನ್ ಒಳಗೆ ಮಲಗಬಹುದಲ್ವಾ?

ಬೇಡ. ಹಿಂದಿನ ಕ್ಯಾರವಾನ್ ಕುಣಿಯುವಷ್ಟು ಮುಂದಿನ ಕಾರು ಕುಣಿಯುವುದಿಲ್ಲ. ನಿಲ್ಲಿಸಿದ ಮೇಲೆ ಬಾಗಿಲು ತೆಗೆದು ನೋಡಿ, ಗಟ್ಟಿಯಾಗಿ ಮುಚ್ಚಿದ್ದ ಡ್ರಾಯರ್ ತೆರೆದಿರುತ್ತದೆ, ಬೇಳೆ ಡಬ್ಬಿ ನೆಲದ ಮೇಲಿರುತ್ತದೆ. ಅದು ನಾಯಿಯ ತಲೆ ಮೇಲೆ ಬಿದ್ದಿದ್ದರೆ? ಗಾಡಿ ಓಡುವಾಗ ಅಲ್ಲಿ ಏಸಿ ಇಲ್ಲ, ಕೂಗಿದರೆ ಕೇಳುವುದೂ ಇಲ್ಲ.

ನಮ್ಮವು ಕಾರಿನ ಹಿಂದಿನ ಸೀಟಿನಲ್ಲಿ, ಎದೆಪಟ್ಟಿಗೆ ಸೀಟ್‌ಬೆಲ್ಟ್ ಕೊಂಡಿ ಹಾಕಿಕೊಂಡು ಕೂರುತ್ತವೆ. ಕೊರಳಪಟ್ಟಿಗೆ ಮಾತ್ರ ಕೊಂಡಿ ಹಾಕಬೇಡಿ, ಬ್ರೇಕ್ ಒತ್ತಿದಾಗ ಕುತ್ತಿಗೆ ಹಿಡಿದುಕೊಳ್ಳುತ್ತದೆ. ಸ್ಟಿಯರಿಂಗ್ ಹಿಡಿದವರ ತೊಡೆ ಮೇಲೆ ನಾಯಿ ಕಂಡರೆ ನ್ಯೂ ಸೌತ್ ವೇಲ್ಸ್ ಪೊಲೀಸರು ದಂಡ ಹಾಕುತ್ತಾರೆ.

ಕ್ಯಾರವಾನ್ ತೂಕದ ಲೆಕ್ಕ ತಲೆಗೆ ಹತ್ತುವುದಿಲ್ಲ. ಬಿಡಿಸಿ ಹೇಳ್ತೀರಾ?

ನಮ್ಮದೇ ಲೆಕ್ಕ ಇಡುತ್ತೇನೆ. ಹದಿನೆಂಟು ಅಡಿಯ ವ್ಯಾನ್ (ಕ್ಯಾರವಾನ್‌ಗೇ ವ್ಯಾನ್ ಅನ್ನುತ್ತೇವೆ). ಖಾಲಿ ಇದ್ದಾಗ 2,000 ಕಿಲೋ. ಎಟಿಎಂ, ಅಂದರೆ ಸಾಮಾನು ತುಂಬಿದ ಮೇಲೆ ಮೀರಬಾರದ ತೂಕ, 2,400. ನಾನೂರು ಕಿಲೋ ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಎರಡು ನೀರಿನ ಟ್ಯಾಂಕು, ಒಂದೊಂದು 95 ಲೀಟರ್. ತುಂಬಿಸಿದರೆ 190 ಕಿಲೋ ಅಲ್ಲೇ ಹೋಯಿತು. ಎರಡು ಗ್ಯಾಸ್ ಸಿಲಿಂಡರ್, ಮಡಚುವ ಕುರ್ಚಿ, ಬಾಗಿಲ ಮುಂದಿನ ಚಪ್ಪರಕ್ಕೆ ಕಟ್ಟುವ ಬಟ್ಟೆಗೋಡೆ, ಹಾಸಿಗೆ ಬಟ್ಟೆ, ಪಾತ್ರೆ. ಆಮೇಲೆ ಇಪ್ಪತ್ತು ಕಿಲೋ ನಾಯಿ ಊಟ, ಹತ್ತು ಕಿಲೋ ಸೋನಾ ಮಸೂರಿ, ಕುಕ್ಕರ್. ದೋಸೆಗೆ ಅಂತ ಗ್ರೈಂಡರ್ ಇಟ್ಟಿದ್ದೆ. ಗಾಡಿ ತೂಗುವ ವೇಬ್ರಿಡ್ಜ್‌ನ ಚೀಟಿ ನೋಡಿ ಯಜಮಾನರು ಏನೂ ಅನ್ನಲಿಲ್ಲ. ಗ್ರೈಂಡರ್ ತಾವೇ ಎತ್ತಿ ಮನೆಯೊಳಗೆ ಇಟ್ಟು ಬಂದರು.

ಕಾರಿನ ಹಿಂದಿನ ಕೊಕ್ಕೆಯ ಮೇಲೆ ಬೀಳುವ ಭಾರ ಸಾಮಾನ್ಯವಾಗಿ ವ್ಯಾನ್ ತೂಕದ ಶೇಕಡ 10ರ ಆಸುಪಾಸು ಇರಬೇಕು. ಭಾರವನ್ನೆಲ್ಲ ಹಿಂದಕ್ಕೆ ತುಂಬಿದರೆ ವ್ಯಾನ್ ಬಾಲ ಅಲ್ಲಾಡಿಸುತ್ತದೆ. ನಾಯಿ ಬಾಲ ಅಲ್ಲಾಡಿಸಿದರೆ ಸಂತೋಷ, ಇದು ಅಲ್ಲಾಡಿಸಿದರೆ ಕಾರೂ ಪಲ್ಟಿ. ನಾಯಿಗಳ ತೂಕ ಕಾರಿನ ಲೆಕ್ಕಕ್ಕೆ ಬರುತ್ತದೆ, ಅದನ್ನೂ ಬಿಡಬೇಡಿ. ನಮ್ಮವು ಎರಡೂ ಸೇರಿ 53 ಕಿಲೋ, ಒಬ್ಬ ಮನುಷ್ಯನಷ್ಟು.

ದೊಡ್ಡ ಲಾರಿಗಳ ಮಧ್ಯೆ ಓಡಿಸಲು ಭಯ ಆಗುವುದಿಲ್ವಾ?

ಮೊದಲ ಎರಡು ದಿನ ಆಗುತ್ತದೆ. ರೋಡ್ ಟ್ರೇನ್, ಅಂದರೆ ಹಿಂದೆ ಟ್ರೇಲರ್‌ಗಳ ಸಾಲು ಕಟ್ಟಿದ ಉದ್ದನೆಯ ಲಾರಿ, ಎದುರಿಗೆ ಬಂದಾಗ ಗಾಳಿ ವ್ಯಾನನ್ನು ಮೊದಲು ಆಚೆ ತಳ್ಳುತ್ತದೆ, ಮರುಕ್ಷಣ ತನ್ನ ಕಡೆಗೆ ಸೆಳೆಯುತ್ತದೆ. ಸ್ಟಿಯರಿಂಗ್ ಗಟ್ಟಿ ಹಿಡಿದು ನೇರ ಹೋಗಿ, ಗಾಬರಿಯಲ್ಲಿ ಬ್ರೇಕ್ ಒತ್ತಬೇಡಿ. ಯುಎಚ್‌ಎಫ್ ರೇಡಿಯೋ ಇಟ್ಟುಕೊಳ್ಳಿ. ಲಾರಿಯವರು ಚಾನೆಲ್ 40ರಲ್ಲಿ ಮಾತಾಡುತ್ತಾರೆ, ಬ್ರೂಸ್ ಹೆದ್ದಾರಿಯಲ್ಲಿ 29. ಕ್ಯಾರವಾನ್‌ನವರದು 18. ಹಿಂದಿನಿಂದ ಬಂದ ಲಾರಿಗೆ "ದಾಟಿ ಹೋಗಿ, ದಾರಿ ಖಾಲಿ ಇದೆ" ಅಂದರೆ ಖುಷಿಯಿಂದ ಥ್ಯಾಂಕ್ಸ್ ಹೇಳುತ್ತಾರೆ.

ಹಿಂದಕ್ಕೆ ತೆಗೆಯುವುದರ ಬಗ್ಗೆ ಕೇಳಬೇಡಿ. "ಎಡಕ್ಕೆ, ರೀ, ಎಡಕ್ಕೆ!" "ಯಾರ ಎಡ?" ಇದು ಪ್ರತಿ ಸಂಜೆಯ ನಾಟಕ, ಅಕ್ಕಪಕ್ಕದವರು ಕುರ್ಚಿ ಹಾಕಿಕೊಂಡು ನೋಡುತ್ತಾರೆ. ಈಗ ಎಡ ಬಲ ಬಿಟ್ಟು "ನನ್ನ ಕಡೆ", "ಮರದ ಕಡೆ" ಅಂತ ಹೇಳುತ್ತೇನೆ. ಜಗಳ ಅರ್ಧ ಕಡಿಮೆಯಾಗಿದೆ.

ಹೊರಡುವ ಮೊದಲು ವೆಟ್ ಹತ್ತಿರ ಏನೇನು ಮಾಡಿಸಬೇಕು?

ಎಲ್ಲಕ್ಕಿಂತ ಮೊದಲು ಉಣ್ಣಿ. ಮಲೆನಾಡಿನವರು ಉಣುಗು ಅನ್ನುತ್ತಾರಲ್ಲ, ಅದೇ. ಪೂರ್ವ ಕರಾವಳಿಯುದ್ದಕ್ಕೂ ಪಾರ್ಶ್ವವಾಯು ತರುವ ಒಂದು ಉಣ್ಣಿ ಇದೆ. ಮೆಲ್ಬರ್ನ್ ನಾಯಿಗಳಿಗೆ ಇದರ ಪರಿಚಯ ಇಲ್ಲ, ಅವುಗಳ ಯಜಮಾನರಿಗೂ ಇಲ್ಲ. ಅದು ಕಚ್ಚಿಕೊಂಡು ಮೂರ್ನಾಲ್ಕು ದಿನ ರಕ್ತ ಹೀರುತ್ತಾ ವಿಷ ಬಿಡುತ್ತದೆ. ಮೊದಲು ಹಿಂಗಾಲು ತಡವರಿಸುತ್ತದೆ, ಬೊಗಳುವ ದನಿ ಬದಲಾಗುತ್ತದೆ, ವಾಂತಿಯಾಗಬಹುದು. ಕೊನೆಗೆ ಉಸಿರಾಟಕ್ಕೇ ತೊಂದರೆ. ಗುಂಡನಂಥ ಮುದಿ ನಾಯಿಯಾದರೆ ಕುಂಟುವುದು ಮಂಡಿನೋವಿಂದಲೋ ಉಣ್ಣಿಯಿಂದಲೋ ಗೊತ್ತಾಗುವುದಿಲ್ಲ. ಸಂಶಯ ಬಂದರೆ ನೀರು ಊಟ ಏನೂ ಕೊಡದೆ ನೇರ ವೆಟ್ ಹತ್ತಿರ ಹೋಗಿ. ಪ್ರತಿವಿಷ ಇದೆ, ಬೇಗ ಕೊಟ್ಟಷ್ಟೂ ಒಳ್ಳೆಯದು.

ಬ್ರಾವೆಕ್ಟೊ, ನೆಕ್ಸ್‌ಗಾರ್ಡ್ ಥರದ ಮಾತ್ರೆ ಹೊರಡುವ ಮೊದಲೇ ಹಾಕಿಸಿ. ಮಾತ್ರೆ ಕೊಟ್ಟಿದ್ದೇವೆ ಅಂತ ಕೈಕಟ್ಟಿ ಕೂರಬೇಡಿ. ಕರಾವಳಿಗೆ ಬಂದ ದಿನದಿಂದ ರಾತ್ರಿ ಊಟ ಆದ ಮೇಲೆ ನಾನು ನೆಲದ ಮೇಲೆ ಕೂತು, ಎರಡನ್ನೂ ಒಂದೊಂದಾಗಿ ಕರೆದು, ಬೆರಳ ತುದಿಯಲ್ಲಿ ತಡಕುತ್ತೇನೆ. ಕಿವಿ ಮಡಿಕೆ, ತುಟಿಯ ಅಂಚು, ಕತ್ತಿನ ಸುತ್ತ, ಬೆರಳ ಸಂದು, ಬಾಲದ ಬುಡ. ಅಜ್ಜಿ ಹೇನು ನೋಡುತ್ತಿದ್ದರಲ್ಲ, ಹಾಗೇ.

ಉತ್ತರ ಕ್ವೀನ್ಸ್‌ಲ್ಯಾಂಡಿನಲ್ಲಿ ಸೊಳ್ಳೆ ಜಾಸ್ತಿ, ಸೊಳ್ಳೆಯಿಂದ ಹಾರ್ಟ್‌ವರ್ಮ್, ಅಂದರೆ ಹೃದಯದ ಹುಳು, ಬರುತ್ತದೆ. ಅದರ ಔಷಧಿ ತಪ್ಪಿಸಬೇಡಿ. ಲೆಪ್ಟೊಸ್ಪೈರೋಸಿಸ್ ಲಸಿಕೆ ಬೇಕಾ ಅಂತಲೂ ಕೇಳಿ, ಅಲ್ಲಿ ಇಲಿಜ್ವರ ಇದೆ. ಕೆಮ್ಮಿನ ಲಸಿಕೆಯ ಚೀಟಿ ಜೊತೆಗಿರಲಿ, ಅದಿಲ್ಲದೆ ನಾಯಿ ಹಾಸ್ಟೆಲ್‌ನವರು ಸೇರಿಸಿಕೊಳ್ಳುವುದಿಲ್ಲ. ನಾಯಿಯ ಚರ್ಮದಡಿಯ ಗುರುತಿನ ಮೈಕ್ರೋಚಿಪ್‌ನ ದಾಖಲೆಯಲ್ಲಿ ಈಗಿನ ಮೊಬೈಲ್ ನಂಬರ್ ಇದೆಯಾ ನೋಡಿ. ನಮ್ಮದರಲ್ಲಿ ಹಳೆಯ ಬಾಡಿಗೆ ಮನೆಯ ವಿಳಾಸ ಇತ್ತು.

ಕಪ್ಪೆ ಮೂಸಿದರೆ ನಾಯಿ ಸಾಯುತ್ತದಂತೆ, ನಿಜವಾ?

ಮೂಸಿದರೆ ಅಲ್ಲ, ಬಾಯಿ ಹಾಕಿದರೆ. ಇದು ಕೇನ್ ಟೋಡ್, ನೆಲಗಪ್ಪೆ. ಕಬ್ಬಿನ ಹುಳು ತಿನ್ನಲಿ ಅಂತ 1935ರಲ್ಲಿ ಹವಾಯಿಯಿಂದ ತಂದು, ಕೇರ್ನ್ಸ್ ಹತ್ತಿರದ ಗಾರ್ಡನ್‌ವೇಲ್ ಸುತ್ತಮುತ್ತ ಬಿಟ್ಟರು. ಅದು ಹುಳು ತಿನ್ನಲಿಲ್ಲ, ದೇಶವನ್ನೇ ತಿನ್ನುತ್ತಾ ಹೊರಟಿತು. ಭುಜದ ಮೇಲಿನ ಗ್ರಂಥಿಯಲ್ಲಿ ಬಿಳಿ ಹಾಲಿನಂಥ ವಿಷ ಇರುತ್ತದೆ.

ಇಂಗಮ್‌ನಲ್ಲಿ ಒಂದು ರಾತ್ರಿ ಒಂಬತ್ತರ ಹೊತ್ತಿಗೆ ಕೆಂಪಿಯನ್ನು ಕೊನೆಯ ಸಲ ಉಚ್ಚೆಗೆ ಕರೆದುಕೊಂಡು ಹೋಗಿದ್ದೆ. ನಲ್ಲಿಯ ಕೆಳಗಿನ ಒದ್ದೆಯಲ್ಲಿ ಏನೋ ಕುಪ್ಪಳಿಸಿತು. ನಾನು ಹಗ್ಗ ಎಳೆಯುವಷ್ಟರಲ್ಲಿ ಗಬಕ್ ಅಂತ ಬಾಯಿ ಹಾಕಿ, ಥೂ ಅಂತ ಬಿಟ್ಟಳು. ಅರ್ಧ ನಿಮಿಷದಲ್ಲಿ ಬಾಯ್ತುಂಬ ನೊರೆ, ಮುಂಗಾಲಿನಿಂದ ಮೂತಿ ಉಜ್ಜಿಕೊಳ್ಳುತ್ತಿದ್ದಾಳೆ, ಟಾರ್ಚ್ ಹಿಡಿದು ನೋಡಿದರೆ ಒಸಡು ಕೆಂಪಗೆ. ಅಡುಗೆಮನೆಯ ಒರೆಸುವ ಬಟ್ಟೆ ಒದ್ದೆ ಮಾಡಿಕೊಂಡು ಒಸಡು, ನಾಲಿಗೆ, ಅಂಗುಳ ಒರೆಸಿದೆ. ಬಟ್ಟೆ ತೊಳೆದೆ, ಮತ್ತೆ ಒರೆಸಿದೆ. ಹತ್ತು ನಿಮಿಷ ಅದೇ ಕೆಲಸ. ಪೈಪು ತಂದು ಬಾಯಿಗೆ ನೀರು ಬಿಡಬೇಡಿ, ವಿಷ ಗಂಟಲಿಗಿಳಿಯುತ್ತದೆ, ನೀರು ಶ್ವಾಸಕೋಶಕ್ಕೂ ಹೋಗಬಹುದು. ಯಜಮಾನರು ಅಷ್ಟರಲ್ಲಿ ವೆಟ್‌ಗೆ ಫೋನ್ ಹಚ್ಚಿದ್ದರು. ನಡುಕ, ಫಿಟ್ಸ್, ತೂರಾಟ ಇದೆಯಾ ಅಂತ ಕೇಳಿದರು. ಇರಲಿಲ್ಲ. ಆದರೂ ಕರೆದುಕೊಂಡು ಬನ್ನಿ ಅಂದರು, ಹೋದೆವು. ಎರಡು ಗಂಟೆ ನೋಡಿಕೊಂಡು ಕಳಿಸಿದರು. ಮಾರನೇ ರಾತ್ರಿ ಅದೇ ನಲ್ಲಿಯ ಕಡೆಗೇ ಎಳೆಯುತ್ತಿದ್ದಳು, ಬುದ್ಧಿ ಬಂದಿರಲಿಲ್ಲ.

ಮೊಸಳೆ?

ಗ್ಲಾಡ್‌ಸ್ಟೋನ್ ದಾಟಿದ ಮೇಲೆ ನದಿ, ಅಳಿವೆ, ಕೆರೆ, ಬೀಚು ಎಲ್ಲಿ ಬೇಕಾದರೂ ಉಪ್ಪುನೀರಿನ ಮೊಸಳೆ ಇರಬಹುದು ಅಂದುಕೊಂಡೇ ನಡೆಯಬೇಕು. ಹಳದಿ ಬೋರ್ಡಿನಲ್ಲಿ ಇಂಗ್ಲಿಷ್ ಜೊತೆ ಜರ್ಮನ್‌ನಲ್ಲೂ "ಅಖ್‌ಟುಂಗ್" ಅಂತ ಬರೆದಿರುತ್ತಾರೆ. ಕನ್ನಡದಲ್ಲಿ ಇಲ್ಲ, ಆದ್ದರಿಂದ ನಾನೇ ಬರೆಯುತ್ತೇನೆ: ನೀರಿನ ಅಂಚಿನಿಂದ ಕನಿಷ್ಠ ಐದು ಮೀಟರ್ ದೂರ ಇರಿ. ನಾಯಿ ನೀರು ಕುಡಿಯಲು ಬಗ್ಗುವ ಭಂಗಿಯೇ ಮೊಸಳೆಗೆ ಊಟದ ಕರೆ. ಒಂದೇ ಜಾಗಕ್ಕೆ ದಿನಾ ಅದೇ ಹೊತ್ತಿಗೆ ಹೋಗಬೇಡಿ, ಅದು ನೋಡಿಟ್ಟುಕೊಳ್ಳುತ್ತದೆ. ಲ್ಯಾಬ್ರಡಾರ್‌ಗೆ ನೀರು ಕಂಡರೆ ಧುಮುಕುವ ಹುಚ್ಚು. ಮರ್ರಿ ನದಿಯಲ್ಲಿ ಗುಂಡ ಮನಸೋ ಇಚ್ಛೆ ಈಜಿದ, ಉತ್ತರದಲ್ಲಿ ಒಂದು ಹನಿಗೂ ಬಿಡಲಿಲ್ಲ. ಮಕ್ಕಳಾಡುವ ಪ್ಲಾಸ್ಟಿಕ್ ತೊಟ್ಟಿ ಕೊಂಡು ಅದರಲ್ಲೇ ಕೂರಿಸಿದೆವು.

ಮಿಷನ್ ಬೀಚ್ ಕಡೆ ಕ್ಯಾಸೋವರಿ ಇದೆ. ಮನುಷ್ಯನೆತ್ತರದ ಹಕ್ಕಿ, ಕಾಲಿನಲ್ಲಿ ಚೂರಿಯಂಥ ಉಗುರು. ನಾಯಿಗಳಿಂದ ಅದಕ್ಕೂ ಅಪಾಯ, ಅದರಿಂದ ನಾಯಿಗೂ. ಹಗ್ಗ ಬಿಡಬೇಡಿ.

1080 ಅಂತ ಬರೆದ ಬೋರ್ಡ್ ಕಂಡೆವು. ಏನದು?

ನರಿ, ಕಾಡುನಾಯಿ ಕೊಲ್ಲಲು ಮಾಂಸದ ತುಂಡಿನಲ್ಲಿ ಇಡುವ ವಿಷ. ಟೆನ್ ಏಯ್ಟಿ ಅನ್ನುತ್ತಾರೆ. ನಾಯಿಗೆ ಸ್ವಲ್ಪವೇ ಸಾಕು, ಪ್ರತಿವಿಷ ಇಲ್ಲ. ಬೋರ್ಡ್ ಕಂಡ ಜಾಗದಲ್ಲಿ ನಾಯಿಯನ್ನು ಇಳಿಸಲೇಬೇಡಿ. ಇಳಿಸಲೇಬೇಕಾದರೆ ಬಾಯಿಗೆ ಬುಟ್ಟಿ ಹಾಕಿ. ಸತ್ತ ಪ್ರಾಣಿಯನ್ನೂ ಮೂಸಲು ಬಿಡಬೇಡಿ.

ದಾರಿಯಲ್ಲಿ ಊಟ? ನಮ್ಮ ಅಡುಗೆ ನಾಯಿಗೆ ಹಾಕಬಹುದಾ?

ನಾವು ಕ್ಯಾರವಾನ್‌ನಲ್ಲೇ ಅಡುಗೆ ಮಾಡುತ್ತೇವೆ. ಬೆಳಗ್ಗೆ ಅವಲಕ್ಕಿ, ಮಧ್ಯಾಹ್ನ ಚಿತ್ರಾನ್ನ, ರಾತ್ರಿ ಕುಕ್ಕರ್ ಇಟ್ಟರೆ ಅನ್ನ ಸಾರು. ಕುಕ್ಕರ್ ಕೂಗಿದಾಗ ಪಕ್ಕದ ಕ್ಯಾರವಾನ್‌ನವರು ಗಾಬರಿಯಾಗಿ ಬಂದದ್ದುಂಟು.

ನಾಯಿಗೆ ಸಾರು, ಪಲ್ಯ ಹಾಕಬೇಡಿ, ಈರುಳ್ಳಿ ಬೆಳ್ಳುಳ್ಳಿ ಅವುಗಳ ರಕ್ತಕ್ಕೆ ವಿಷ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಕೂಡ ಬೇಡ. ಕ್ವೀನ್ಸ್‌ಲ್ಯಾಂಡಿಗೆ ಹೋದ ಮೇಲೆ ಇನ್ನೊಂದು ಸೇರುತ್ತದೆ, ಮೆಕಡೇಮಿಯ. ಅಲ್ಲಿನ ಮಣ್ಣಿನದೇ ಬೀಜ, ರಸ್ತೆ ಬದಿ ಗೂಡಂಗಡಿಯಲ್ಲೆಲ್ಲ ಮಾರುತ್ತಾರೆ, ಕ್ಯಾಂಪಿನ ಮರದಿಂದ ಉದುರಿಯೂ ಬಿದ್ದಿರುತ್ತದೆ. ನಾಯಿ ತಿಂದರೆ ಹಿಂಗಾಲಲ್ಲಿ ಶಕ್ತಿ ಇಲ್ಲದೆ ನಡುಗುತ್ತದೆ. ಬೀಚಿನಲ್ಲಿ ಊದಿಕೊಂಡು ಬಿದ್ದ ಮೀನನ್ನೂ ಮುಟ್ಟಲು ಬಿಡಬೇಡಿ, ಅದೂ ವಿಷ. ಹೊಟ್ಟೆ ಕೆಟ್ಟರೆ ಒಂದು ದಿನ ಬರೀ ಮೆತ್ತನೆಯ ಅನ್ನ, ಬೇಯಿಸಿದ ಕೋಳಿ.

ಬೋವನ್‌ನಲ್ಲಿ ದೊಡ್ಡ ಮಾವಿನ ಹಣ್ಣಿನ ಬೊಂಬೆ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಅಲ್ಲಿನ ಕೆನ್ಸಿಂಗ್ಟನ್ ಪ್ರೈಡ್ ತಳಿ ಬಂದದ್ದು ಭಾರತಕ್ಕೆ ಸೈನ್ಯದ ಕುದುರೆ ಸಾಗಿಸುತ್ತಿದ್ದ ವ್ಯಾಪಾರಿಗಳಿಂದ ಅನ್ನುತ್ತಾರೆ. ಹಣ್ಣು ತಿನ್ನುವ ಆಸೆ ಇಟ್ಟುಕೊಳ್ಳಬೇಡಿ. ಜುಲೈ ಆಗಸ್ಟ್ ಅಂದರೆ ಅಲ್ಲಿ ಮಾವು ಹೂ ಬಿಡುವ ಕಾಲ.

ಗ್ರೇಟ್ ಬ್ಯಾರಿಯರ್ ರೀಫ್ ನೋಡಬೇಕಂದರೆ ನಾಯಿ ಎಲ್ಲಿ ಬಿಡುವುದು?

ದೋಣಿಗೆ ನಾಯಿ ಹತ್ತಿಸುವುದಿಲ್ಲ. ಕೇರ್ನ್ಸ್, ಟೌನ್ಸ್‌ವಿಲ್‌ನಲ್ಲಿ ಹಗಲು ನೋಡಿಕೊಳ್ಳುವ ನಾಯಿ ಹಾಸ್ಟೆಲ್ ಇವೆ, ಎರಡು ವಾರ ಮೊದಲೇ ಹೇಳಿ. ಇಲ್ಲದಿದ್ದರೆ ಸರದಿ ಪ್ರಕಾರ ಹೋಗಿ. ನಾನು ಒಂದು ದಿನ, ಅವರು ಒಂದು ದಿನ.

ಕ್ಯಾರವಾನ್‌ನಲ್ಲಿ ಏಸಿ ಹಾಕಿ ನಾಯಿ ಬಿಟ್ಟು ಇಡೀ ದಿನ ಹೋಗಬೇಡಿ. ಪಾರ್ಕಿನ ಕರೆಂಟ್ ಟ್ರಿಪ್ ಆದರೆ ಅರ್ಧ ಗಂಟೆಯಲ್ಲಿ ಒಳಗೆ ಒಲೆ. ಕಾರಂತೂ ಐದು ನಿಮಿಷಕ್ಕೂ ಬೇಡ. ಅಂಗಡಿಗೆ ಒಬ್ಬರೇ ಹೋಗಿ.

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಕರೆದುಕೊಂಡು ಹೋಗಬಹುದಾ?

ನಮ್ಮತ್ತೆ ರಾಕ್‌ಹ್ಯಾಂಪ್ಟನ್‌ವರೆಗೆ ಬಂದಿದ್ದರು. ರಾತ್ರಿ ನಾಲ್ಕು ಹೆಜ್ಜೆಯ ದೂರದಲ್ಲಿ ಟಾಯ್ಲೆಟ್, ಕಾಲ ಬುಡದಲ್ಲಿ ಎರಡು ನಾಯಿ. ಮಡಿ ಮೈಲಿಗೆಯನ್ನು ಮೂರನೇ ದಿನ ಕೈಬಿಟ್ಟರು. ಅವರ ಕಷ್ಟ ಚಳಿ. ಕೂನಬಾರಬ್ರನ್‌ನಲ್ಲಿ ರಾತ್ರಿ ಸೊನ್ನೆಗಿಂತ ಕೆಳಗಿಳಿಯಿತು, ಬೆಳಗ್ಗೆ ನೀರಿನ ಪೈಪು ಕಟ್ಟಿಗೆಯಂತೆ ಸೆಟೆದಿತ್ತು. ಬೆಚ್ಚನೆಯ ಊರಿಗೆ ಹೋಗುತ್ತೇವೆ ಅಂತ ಸ್ವೆಟರ್ ಬಿಟ್ಟು ಬಂದಿದ್ದರು. ಮೊದಲ ಒಂದು ವಾರ ಚಳಿಯೇ, ಹೇಳಿಬಿಡಿ. ಅವತ್ತು ರಾತ್ರಿ ಗುಂಡನನ್ನು ಹಾಸಿಗೆ ಮೇಲೆ ಕರೆದವರು ಅತ್ತೆಯೇ. ಬೆಂಗಳೂರಿಗೆ ವಿಮಾನದಲ್ಲಿ ವಾಪಸ್ ಹೋದರು, ಈಗ ವಿಡಿಯೋ ಕಾಲ್‌ನಲ್ಲಿ ಮೊದಲು ಅವನನ್ನೇ ಕೇಳುತ್ತಾರೆ.

ಬೆಂಗಳೂರಿನ ನಮ್ಮ ನಾಯಿಯನ್ನು ಆಸ್ಟ್ರೇಲಿಯಾಕ್ಕೆ ಕರೆತರಬಹುದಾ?

ನೇರವಾಗಿ ಆಗುವುದಿಲ್ಲ. ಭಾರತ ಆಸ್ಟ್ರೇಲಿಯಾದ ಒಪ್ಪಿಗೆ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿರುವ ಬೇರೆ ದೇಶಕ್ಕೆ ಮೊದಲು ಕಳಿಸಿ, ರೇಬಿಸ್ ಪರೀಕ್ಷೆ, ಕಾಯುವ ಅವಧಿ ಮುಗಿಸಿ, ಮೆಲ್ಬರ್ನ್ ಪಕ್ಕದ ಮಿಕಲ್‌ಹ್ಯಾಮ್ ಕ್ವಾರಂಟೈನ್ ಕೇಂದ್ರದಲ್ಲಿ ಇಟ್ಟು ಆಮೇಲೆ ಮನೆಗೆ. ಕಾರಿಗಿಂತ ಜಾಸ್ತಿ ದುಡ್ಡು ಹೋದ ಸ್ನೇಹಿತರಿದ್ದಾರೆ. ಅವರಲ್ಲಿ ಯಾರೂ ಪಶ್ಚಾತ್ತಾಪ ಪಡಲಿಲ್ಲ.

ಖರ್ಚು ಎಷ್ಟು?

ಡೀಸೆಲ್ಲೇ ದೊಡ್ಡದು. ವ್ಯಾನ್ ಎಳೆಯುವಾಗ ನಮ್ಮ ಗಾಡಿ ನೂರು ಕಿಲೋಮೀಟರಿಗೆ 17 ಲೀಟರ್ ಕುಡಿಯುತ್ತದೆ. ಎದುರುಗಾಳಿ ಇದ್ದರೆ 20. ಒಂದು ಕಡೆಗೆ ಸುಮಾರು 510 ಲೀಟರ್ ಅಂತ ಲೆಕ್ಕ ಹಾಕಿ, ಅವತ್ತಿನ ದರದಿಂದ ಗುಣಿಸಿ. ಶೋಗ್ರೌಂಡ್‌ನಲ್ಲಿ ರಾತ್ರಿಗೆ 25–35 ಡಾಲರ್ ಕೊಟ್ಟಿದ್ದೇವೆ, ಕರಾವಳಿಯ ಪಾರ್ಕ್‌ಗಳಲ್ಲಿ ಅದರ ಎರಡರಷ್ಟು. ಒಂದು ವೆಟ್ ಭೇಟಿಯ ದುಡ್ಡು ಬೇರೆ ತೆಗೆದಿಡಿ.

ಯಾವಾಗ ಹೋಗಿ ಯಾವಾಗ ಬರಬೇಕು? ಬುಕಿಂಗ್?

ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯದು. ನವೆಂಬರ್ ನಂತರ ಉತ್ತರದಲ್ಲಿ ಸೆಕೆ, ಮಳೆ, ಚಂಡಮಾರುತ, ಸಮುದ್ರದಲ್ಲಿ ವಿಷದ ಜೆಲ್ಲಿಮೀನು. ವಸಂತದಲ್ಲಿ ಉಣ್ಣಿಯೂ ಜಾಸ್ತಿಯಾಗುತ್ತದೆ. ನಾವು ಆಗಸ್ಟ್ ಕೊನೆಗೆ ತಿರುಗುತ್ತೇವೆ. ಟೌನ್ಸ್‌ವಿಲ್‌ನಿಂದ ಮೇಲಿನ ಕರಾವಳಿ ಪಾರ್ಕ್‌ಗಳನ್ನು ಫೆಬ್ರವರಿಯಲ್ಲೇ ಬುಕ್ ಮಾಡುತ್ತೇನೆ. ನಾಯಿಗೆ ಬಿಡುವ ಸೈಟುಗಳು ಕಡಿಮೆ, ಗ್ರೇ ನೋಮಾಡ್‌ಗಳು ಹೋದ ವರ್ಷ ಹೊರಡುವಾಗಲೇ ಈ ವರ್ಷದ್ದನ್ನು ಹೇಳಿ ಹೋಗಿರುತ್ತಾರೆ. ಒಳನಾಡಿನಲ್ಲಿ ಬುಕಿಂಗ್ ಬೇಕಿಲ್ಲ, ಮಧ್ಯಾಹ್ನ ಮೂರರೊಳಗೆ ತಲುಪಿದರೆ ಸಾಕು. ಅದನ್ನು ಕೆಂಪಿ ನೋಡಿಕೊಳ್ಳುತ್ತಾಳೆ.